ಹಳೆಯ ಮನೆ, ಹೊಸ ತಾರಸಿ: ಗುತ್ತಿಗೆದಾರನ ಕುರಿತ ಕೆಲವು ತಪ್ಪು ಕಲ್ಪನೆಗಳು

ಮೈಸೂರು ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾಗಿದ್ದು, 1957ರ ಅನಂತರ ಕೆಲವು ಕಾಲ ಕೇಂದ್ರ ಸರ್ಕಾರದಲ್ಲಿ ಕಾಮಗಾರಿ ಮತ್ತು ವಸತಿ ಖಾತೆಯನ್ನು ನಿರ್ವಹಿಸಿದ ಕೆ. ಚೆಂಗಲರಾಯ ರೆಡ್ಡಿಯವರ ಹುಟ್ಟೂರು ಕ್ಯಾಸಂಬಳ್ಳಿ. ಇಂತಹ ಊರಿನವರಿಗೆ ಮನೆ ಕಟ್ಟಿಸುವ ವಿಷಯದಲ್ಲಿ ಒಂದಿಷ್ಟು ಅಧಿಕ ವಿವೇಕವಿರಬೇಕೆಂದು ಯಾರಾದರೂ ನಿರೀಕ್ಷಿಸಿದರೆ ಅದು ಅನುಚಿತವಲ್ಲವಾದರೂ, ಇಲ್ಲಿಯೂ ಬಂಗಾರಪೇಟೆಯಲ್ಲಿಯೂ ರಾಬರ್ಟ್‌ಸನ್‌ಪೇಟೆಯಲ್ಲಿಯೂ ಹಳೆಯ ಮನೆ ಬಿಚ್ಚಿಸುವವರು ಗುತ್ತಿಗೆದಾರನನ್ನು ಆರಿಸುವುದು, ಪರೀಕ್ಷೆಗಿಂತ ಹೆಚ್ಚಾಗಿ, ಪರಂಪರೆಯಿಂದ ಬಂದ ನಾಲ್ಕಾರು ನಂಬಿಕೆಗಳ ಬಲದಿಂದಲೇ.

ಚದರಕ್ಕೆ ಕಡಮೆ ಹೇಳಿದವನಿಂದಲೇ ಲಾಭ ಎಂಬುದು ಇವುಗಳಲ್ಲಿ ಅತ್ಯಂತ ಬಲಿಷ್ಠವಾದದ್ದು. ನೂರು ಚದರಡಿಗೆ ಇಷ್ಟೆಂಬ ಲೆಕ್ಕವು ಖಾಲಿ ನಿವೇಶನದಲ್ಲಿ ಪಾಯದಿಂದ ಎಬ್ಬಿಸುವ ಮನೆಗೆ ಒಂದು ಮಟ್ಟಿಗೆ ಸಲ್ಲಬಹುದು. ಆದರೆ ಮಣ್ಣುಗಾರೆಯ ಕಲ್ಲುಗೋಡೆಯೂ ಮೇಲೆ ಹೆಂಚೋ ಚಪ್ಪಡಿಯೋ ಇರುವ ನಮ್ಮ ಕಡೆಯ ಮನೆಯನ್ನು ನವೀಕರಿಸುವಾಗ ಅದರಿಂದ ತಿಳಿಯುವುದು ಅತ್ಯಲ್ಪ, ಏಕೆಂದರೆ ಕೆಡವುವ ಕೂಲಿ, ಮಣ್ಣು ಸಾಗಿಸುವ ಟ್ರ್ಯಾಕ್ಟರು, ಹಳೆಯ ಗೋಡೆಗೆ ಹೊಸದನ್ನು ಬೆಸೆಯುವ ಶ್ರಮ, ಇವು ಯಾವುವೂ ನೆಲದ ವಿಸ್ತೀರ್ಣದೊಳಗೆ ಅಡಗಿಲ್ಲ. ಐದು ಅಂಗುಲ ದಪ್ಪದ ಕಾಂಕ್ರೀಟು ತಾರಸಿಯೊಂದೇ ಚದರಕ್ಕೆ ಸುಮಾರು 3 ಟನ್ ತೂಗುತ್ತದೆ. ಆ ಭಾರವನ್ನು ಹಳೆಯ ಗೋಡೆ ಹೊರಬಲ್ಲುದೋ, ಅಥವಾ ಪಿಲ್ಲರುಗಳನ್ನು ಪ್ರತ್ಯೇಕವಾಗಿ ಎಬ್ಬಿಸಬೇಕೋ ಎಂಬುದನ್ನು ಪಾಯದ ಬದಿ ಅಗೆಸಿ ನೋಡದೆ, ಬಾಗಿಲಲ್ಲಿ ನಿಂತೇ ದರ ಹೇಳುವವನು ಉಳಿದ ಹಣವನ್ನು ಮಾಡು ಇಳಿಸಿದ ಮೇಲೆ ಕೇಳುವನೆಂದು ತಿಳಿಯಬೇಕು. ಆಗ ಮನೆಯವರಿಗೆ ಒಪ್ಪುವುದಲ್ಲದೆ ಬೇರೆ ದಾರಿಯಿರುವುದಿಲ್ಲ.

ಮೇಸ್ತ್ರಿ ನಮ್ಮವನೇ, ಕಾಗದವೇಕೆ ಎಂಬ ಮಾತಿನಲ್ಲಿ ಸ್ನೇಹವಿದೆ, ನಿಜ. ಬಾಯಿಮಾತಿನ ಒಪ್ಪಂದಕ್ಕೆ ಬೆಲೆಯೇ ಇಲ್ಲವೆಂದು ವಾದಿಸುವವರೂ ತಪ್ಪುತ್ತಾರೆ. 1872ರ ಕರಾರು ಕಾಯಿದೆಯ ಪ್ರಕಾರ ಅದೂ ಸಿಂಧುವೇ. ಕೊರತೆಯಿರುವುದು ಸಿಂಧುತ್ವದಲ್ಲಲ್ಲ, ಏನು ಒಪ್ಪಿದ್ದೆವೆಂಬ ಸ್ಮರಣೆಯಲ್ಲಿ. ಕೆಲಸ ಬರಿಯ ಕೂಲಿಗೋ ಸಾಮಾನು ಸಮೇತವೋ, ಸಿಮೆಂಟು ಕಂಬಿಗಳು ಯಾವ ಕಂಪೆನಿಯವು, ಸಂಪು, ಸಜ್ಜ, ಬಣ್ಣಗಳು ಸೇರಿವೆಯೋ ಇಲ್ಲವೋ, ಕೆಲಸವನ್ನು ಈತನೇ ಮಾಡಿಸುವನೋ ಇನ್ನೊಬ್ಬ ಮೇಸ್ತ್ರಿಗೆ ದಾಟಿಸುವನೋ, ಇವನ್ನೆಲ್ಲ ಬರೆದಿಡುವುದರಿಂದ ಮೇಸ್ತ್ರಿಗೂ ರಕ್ಷಣೆಯುಂಟು. ಏಕೆಂದರೆ ನಡುವೆ ಮನಸ್ಸು ಬದಲಿಸಿ, ಇಲ್ಲೊಂದು ಕಪಾಟು, ಅಲ್ಲೊಂದು ಕಿಟಕಿ ಎಂದು ಕೇಳಿ, ಕೊನೆಗೆ ಹಳೆಯ ಮೊತ್ತವನ್ನೇ ಕೊಡಲು ಹವಣಿಸುವ ಯಜಮಾನರೇನೂ ಲೋಕದಲ್ಲಿ ವಿರಳರಲ್ಲ.

ಕ್ಲಾಸ್ ಒನ್ ಗುತ್ತಿಗೆದಾರನೆಂಬ ಬಿರುದಿಗೂ ಹಲವರು ಮಾರುಹೋಗುತ್ತಾರೆ. ಲೋಕೋಪಯೋಗಿ ಇಲಾಖೆಯ ಆ ದರ್ಜೆ ಹೇಳುವುದು ಎಷ್ಟು ಮೊತ್ತದ ಸರ್ಕಾರಿ ಟೆಂಡರಿಗೆ ಒಬ್ಬನು ಅರ್ಹನೆಂಬುದನ್ನು. ನಿಮ್ಮ ಬಚ್ಚಲಿನ ನೀರು ಗೋಡೆಗೆ ಇಳಿಯದಂತೆ ಮಾಡಬಲ್ಲನೇ ಎಂಬುದನ್ನಲ್ಲ. ಅದನ್ನು ತಿಳಿಯಬೇಕಾದರೆ ಅವನು ನಿನ್ನೆ ಮುಗಿಸಿದ, ಬಣ್ಣ ಆರದ ಮನೆಯನ್ನಲ್ಲ, ಎರಡು ಮಳೆಗಾಲ ಕಳೆದ ಮನೆಯನ್ನು ನೋಡಬೇಕು. ಹಳೆಯ ಗೋಡೆಗೆ ಹೊಸ ತಾರಸಿ ಕೂಡುವ ಕಡೆ ಬಿರುಕಿದೆಯೇ ಎಂದು ಕಣ್ಣಾಡಿಸಿ, ಹೇಳಿದ ಮೊತ್ತಕ್ಕೂ ಕೊಟ್ಟ ಮೊತ್ತಕ್ಕೂ ಎಷ್ಟು ಅಂತರವಾಯಿತೆಂದು ಆ ಮನೆಯವರನ್ನು ಮೆಲ್ಲನೆ ಕೇಳಬೇಕು.

ಮುಂಗಡ ಹೆಚ್ಚು ಕೊಟ್ಟರೆ ಕೆಲಸ ಬೇಗ ಆಗುವುದೆಂಬುದು ಭ್ರಮೆಯೇ ಸರಿ: ಹಣ ಕೈಸೇರಿದ ಮೇಲೆ ಆಳುಗಳು ಇನ್ನೊಂದು ಮನೆಗೆ ಹೋಗುತ್ತಾರೆ. ಪಾಯ, ಗೋಡೆ, ತಾರಸಿ, ಗಾರೆ ಎಂದು ಹಂತ ಮುಗಿದಂತೆ ಕೊಡುತ್ತ, ಒಂದು ಸಣ್ಣ ಪಾಲನ್ನು ಮೊದಲ ಮಳೆಯವರೆಗೆ ಉಳಿಸಿಕೊಳ್ಳುವುದು ಕ್ಷೇಮ.

ಇನ್ನು, ಎಂಜಿನಿಯರಲ್ಲದವನಿಗೆ ಪರೀಕ್ಷಿಸಲು ಏನೂ ತಿಳಿಯದೆಂಬ ಮಾತು. ಗೋಡೆಯ ಬಲಾಬಲವನ್ನು ಎಂಜಿನಿಯರರೇ ನೋಡಬೇಕೆಂಬುದು ಸರಿ. ಆದರೆ ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಂಗಳಲ್ಲಿ ದೊರೆಯುತ್ತದೆ. 12 ಮಿ.ಮೀ. ಕಂಬಿ ಸುಮಾರು 888 ಗ್ರಾಂ, 8 ಮಿ.ಮೀ. ಕಂಬಿ ಸುಮಾರು 395 ಗ್ರಾಂ ತೂಗಬೇಕು. ಅಲ್ಪ ವ್ಯತ್ಯಾಸ ಸಹಜ. ಗಣನೀಯವಾಗಿ ಕಡಮೆಯಾದರೆ ಕಂಬಿಯನ್ನು ಹಿಂದಿರುಗಿಸಬೇಕು. ಕಾಂಕ್ರೀಟಿಗೆ ಭಾರತೀಯ ಮಾನಕದಂತೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಪಿ.ಪಿ.ಸಿ. ಎಂದು ಮೂಟೆಯ ಮೇಲೆ ಮುದ್ರಿಸಿದ್ದಾದರೆ 10 ದಿನ ತೇವವಿರಬೇಕು. ಕೊಳವೆಬಾವಿಗಳು ಬತ್ತುವ ನಮ್ಮ ಜಿಲ್ಲೆಯಲ್ಲಿ ಈ ನೀರಿನ ಹೊಣೆ ಯಾರದೆಂಬುದನ್ನೂ ಬರೆಯಿಸುವುದು ಲೇಸು.

ಕಡೆಯದಾಗಿ, ಗಡಿ ದಾಟಿದವನನ್ನು ಹಿಡಿಯಲಾಗದೆಂಬ ನಿರಾಶೆ. ಆಂಧ್ರವೂ ತಮಿಳುನಾಡೂ ಹತ್ತಿರವೇ ಇರುವ ಈ ಸೀಮೆಯಲ್ಲಿ ಮೇಸ್ತ್ರಿಯ ಊರು ಆಚೆ ಇರುವುದು ಸಾಧಾರಣ ಸಂಗತಿ. ರೇರಾ ಕಾಯಿದೆ ಇಂತಹ ದುರಸ್ತಿ ಕೆಲಸಕ್ಕೆ ಒದಗದು, ಅದು ಮಾರಾಟಕ್ಕೆ ಕಟ್ಟುವವರನ್ನು ಕುರಿತದ್ದು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಗೃಹನಿರ್ಮಾಣವು ಸೇವೆಯೆಂದೇ ಪರಿಗಣಿತವಾಗಿದ್ದು, ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಅರ್ಥಾತ್ ನಮ್ಮವರು ಕೋಲಾರದಲ್ಲಿಯೇ, ವ್ಯಾಜ್ಯಕಾರಣ ಒದಗಿದ 2 ವರ್ಷದೊಳಗೆ ಮೊರೆಯಿಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಅಲ್ಲಿ ಬೇಕಾಗುವುದು ಕರಾರುಪತ್ರ ಮತ್ತು ಹಣ ಕೊಟ್ಟ ದಾಖಲೆ. ಆದುದರಿಂದ ಬಟವಾಡೆಯನ್ನು ಬ್ಯಾಂಕಿನ ಮೂಲಕವೇ ಮಾಡಿ, ನಗದು ಕೊಡಲೇಬೇಕಾದ ದಿನ ರುಜು ಹಾಕಿಸಿಕೊಳ್ಳಬೇಕು.