ಪುಲ್ಲಿ ಬದಲಿಸುವ ಮುನ್ನ ದಾರಿ ನೋಡಿ

ಕೆಲಸ ನಾಸಿಕ್‌ನಲ್ಲಿ. ತಿಂಗಳಿಗೊಮ್ಮೆ ಛತ್ರಪತಿ ಸಂಭಾಜಿನಗರಕ್ಕೆ ಹೋಗುತ್ತೇನೆ. ಅಲ್ಲಿನ ಶೇಂದ್ರಾದಲ್ಲಿ ಸ್ಕೋಡಾ ಕಂಪನಿ 2001ರಲ್ಲೇ ಆಕ್ಟೇವಿಯಾ ಜೋಡಣೆ ಆರಂಭಿಸಿತ್ತು. ಅದೇ ಊರಿನಲ್ಲಿರುವ ವಿಜಯಪುರದ ಗೆಳೆಯನೊಬ್ಬ ಈಚೆಗೆ ಹಳೆಯ ಆಕ್ಟೇವಿಯಾ ವಿಆರ್‌ಎಸ್ ಕೊಂಡಿದ್ದಾನೆ. ಅವನ ಪ್ರಶ್ನೆ: ‘ಅಂಡರ್‌ಡ್ರೈವ್ ಪುಲ್ಲಿ ಹಾಕಿಸಲೇನೋ?’

ವಿಷಯ ಸರಳ. ಕ್ರ್ಯಾಂಕ್ ಪುಲ್ಲಿಯ ಗಾತ್ರ ಕಡಿಮೆ ಮಾಡಿದರೆ ಬೆಲ್ಟ್ ನಿಧಾನವಾಗುತ್ತದೆ. ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಸ್ಟೀರಿಂಗ್ ಪಂಪ್‌ಗಳು ಎಂಜಿನ್‌ನಿಂದ ಕಸಿಯುವ ಶಕ್ತಿ ತಗ್ಗುತ್ತದೆ, ಉಳಿದದ್ದು ಚಕ್ರಕ್ಕೆ ಹೋಗುತ್ತದೆ. ಆದರೆ ಈ ಉಳಿತಾಯ ಕೆಲವೇ ಅಶ್ವಶಕ್ತಿ, ಅದೂ ಎಂಜಿನ್ ಜೋರಾಗಿ ತಿರುಗುವಾಗ. ಸಮೃದ್ಧಿ ಮಹಾಮಾರ್ಗದಲ್ಲೂ ಕಾರಿಗೆ ಗಂಟೆಗೆ 120 ಕಿ.ಮೀ. ಮಿತಿ ಇದೆ. ಟಾಪ್ ಗಿಯರ್‌ನಲ್ಲಿ ಆ ವೇಗಕ್ಕೆ ಎಂಜಿನ್ ರೆಡ್‌ಲೈನ್‌ನಿಂದ ಬಹಳ ದೂರದಲ್ಲಿರುತ್ತದೆ.

ನಷ್ಟ ಕಾಣುವುದು ಐಡ್ಲಿಂಗ್‌ನಲ್ಲಿ. 800 ಆರ್‌ಪಿಎಂನಲ್ಲಿ ಆಲ್ಟರ್ನೇಟರ್ 2000 ಸುತ್ತು ತಿರುಗುತ್ತಿದೆ ಎನ್ನಿ. ಪುಲ್ಲಿ ಶೇ 25ರಷ್ಟು ಚಿಕ್ಕದಾದರೆ ಅದು 1500ಕ್ಕೆ ಇಳಿಯುತ್ತದೆ. ಇಷ್ಟು ಕಡಿಮೆ ವೇಗದಲ್ಲಿ ಆಲ್ಟರ್ನೇಟರ್‌ನ ವಿದ್ಯುತ್ ಉತ್ಪಾದನೆ ತೀವ್ರವಾಗಿ ಕುಸಿಯುತ್ತದೆ. ಈ ಎಂಜಿನ್‌ನಲ್ಲಿ ವಾಟರ್ ಪಂಪ್ ಟೈಮಿಂಗ್ ಬೆಲ್ಟ್‌ನಿಂದ ತಿರುಗುವುದರಿಂದ ಅದಕ್ಕೆ ತೊಂದರೆಯಿಲ್ಲ. ರೇಡಿಯೇಟರ್ ಫ್ಯಾನ್ ಮಾತ್ರ ವಿದ್ಯುತ್ತಿನದು. ಮೇ ತಿಂಗಳಲ್ಲಿ, 40 ಡಿಗ್ರಿ ಬಿಸಿಲಲ್ಲಿ, ಎಸಿ ಹಾಕಿಕೊಂಡು ಟ್ರಾಫಿಕ್‌ನಲ್ಲಿ ನಿಂತಾಗ ಕೊರತೆಯನ್ನು ಬ್ಯಾಟರಿಯೇ ತುಂಬಬೇಕು.

ಇನ್ನೊಂದು ಸಂಗತಿ: ಹಲವು ಕಾರುಗಳ ಮೂಲ ಪುಲ್ಲಿಯಲ್ಲಿರುವ ರಬ್ಬರ್ ಉಂಗುರ ಕ್ರ್ಯಾಂಕ್‌ಶಾಫ್ಟ್‌ನ ತಿರುಚು ಕಂಪನವನ್ನು ಹೀರುತ್ತದೆ. ಅಂಥಲ್ಲಿ ಅದನ್ನು ತೆಗೆದು ಗಟ್ಟಿ ಅಲ್ಯೂಮಿನಿಯಂ ಹಾಕಿದರೆ ಆ ರಕ್ಷಣೆಯೂ ಹೋಯಿತು.

ಹಾಗಾದರೆ ನಿರ್ಧಾರ ಹೇಗೆ? ಮೊದಲು ಆ ಬೆಲ್ಟ್ ಏನೇನನ್ನು ತಿರುಗಿಸುತ್ತದೆ ನೋಡಿ. ಎಂಜಿನ್ ಐಡ್ಲಿಂಗ್‌ನಲ್ಲಿಟ್ಟು ಎಸಿ, ಬ್ಲೋವರ್, ಹೆಡ್‌ಲೈಟ್ ಎಲ್ಲ ಹಾಕಿ, ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. ಹಳೆಯ ಕಾರಿನಲ್ಲಿ 14 ವೋಲ್ಟ್‌ನ ಆಸುಪಾಸು ನಿಂತರೆ ಸ್ವಲ್ಪ ಅವಕಾಶವಿದೆ. ಈಗಲೇ 13ರ ಹತ್ತಿರವಿದ್ದರೆ ಆ ಮಾತೇ ಬೇಡ. ಗೆಳೆಯನ ಕಾರು 13.2 ತೋರಿಸಿತು.

ಕೊಯಮತ್ತೂರಿನ ಕಾರಿ ಅಥವಾ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲಷ್ಟೇ ಓಡಿಸುವವರ ಲೆಕ್ಕ ಬೇರೆ. ಅಲ್ಲಿ ಐಡ್ಲಿಂಗ್ ಕಡಿಮೆ, ಎಸಿ ಬೇಕಿಲ್ಲ. ಅವನ ಕಾರಾದರೋ ಹಬ್ಬಕ್ಕೆ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಬೀಡ್, ಸೊಲ್ಲಾಪುರ ದಾಟಿ ವಿಜಯಪುರಕ್ಕೆ ಹೋಗಬೇಕು, ಹಿಂದಿನ ಸೀಟಿನಲ್ಲಿ ಅಪ್ಪ-ಅಮ್ಮ. ಆ ಹಣದಲ್ಲಿ ಒಳ್ಳೆಯ ಟೈರು, ಹೊಸ ಬ್ರೇಕ್ ಪ್ಯಾಡ್ ಹಾಕಿಸು ಎಂದೆ. ಹಾಗೆಯೇ ಮಾಡಿದ.