ಕಾವೇರಿಯ ಲೆಕ್ಕದಲ್ಲಿ ತಪ್ಪಿಹೋದ ಮೀನು

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮುಂದೆ ಕಾಡು, ಬಂಡೆ, ಮಡುಗಳ ನಡುವೆ ಹರಿಯುವಲ್ಲಿ ಭೀಮೇಶ್ವರಿ, ಗಾಳಿಬೋರೆಗಳಿವೆ. ಒಂದು ಕಾಲಕ್ಕೆ ದೇಶವಿದೇಶಗಳ ಗಾಳಗಾರರು ಇಲ್ಲಿಗೆ ಬರುತ್ತಿದ್ದರು. ಅವರೆಲ್ಲರಿಗೂ ಬೇಕಿದ್ದದ್ದು ಮಹಶೀರ್. ಬೇಯಿಸಿದ ರಾಗಿ ಹಿಟ್ಟಿನ ಉಂಡೆಯೇ ಅದಕ್ಕೆ ಎರೆ. ಸಿಕ್ಕಿದ ಮೀನನ್ನು ತೂಗಿ, ಫೋಟೊ ತೆಗೆದು, ಜೀವಂತವಾಗಿ ನೀರಿಗೆ ಬಿಡಬೇಕೆಂಬುದು ಅಲ್ಲಿನ ನಿಯಮ. ಎಷ್ಟು ಹೊತ್ತು ಗಾಳ ಹಾಕಿದರು, ಏನು ಸಿಕ್ಕಿತು, ತೂಕವೆಷ್ಟು ಎಂಬುದೆಲ್ಲ ಗಾಳಿಬೋರೆ ಶಿಬಿರದಲ್ಲಿ ದಾಖಲಾಗುತ್ತಿತ್ತು.

1998ರಿಂದ 2012ರವರೆಗಿನ ಆ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಒಟ್ಟುಗೂಡಿಸಿದರು. ಒಟ್ಟು 23,620 ಗಂಟೆಗಳ ಗಾಳಕ್ಕೆ 6,161 ಮಹಶೀರ್ ಸಿಕ್ಕಿದ್ದವು. ಅತಿ ಚಿಕ್ಕದು ಅರ್ಧ ಕಿಲೋಗಿಂತ ಕಡಿಮೆ, ಅತಿ ದೊಡ್ಡದು ಸುಮಾರು 47 ಕಿಲೋ. ವರ್ಷ ಕಳೆದಂತೆ ಗಂಟೆಗೆ ಸಿಗುವ ಮೀನುಗಳ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಹೆಚ್ಚು ಮೀನು, ಅದರಲ್ಲೂ ಹೆಚ್ಚು ಎಳೆಯ ಮೀನು ಎಂದರೆ ಹೊಳೆಯಲ್ಲಿ ಸಂತಾನ ಚೆನ್ನಾಗಿ ಬೆಳೆಯುತ್ತಿದೆ ಎಂದರ್ಥ. ಹಿಡಿದು ಬಿಡುವ ನಿಯಮಕ್ಕೂ ಕಾವಲಿಗೂ ಫಲ ಸಿಕ್ಕಿತ್ತು.

ಅದೇ ಲೆಕ್ಕವನ್ನು ಮೀನಿನ ಬಗೆಗೆ ತಕ್ಕಂತೆ ವಿಂಗಡಿಸಿದಾಗ ಮಾತ್ರ ಬೇರೆಯದೇ ಚಿತ್ರ ಹೊರಬಿತ್ತು.

ಎರಡು ಮೀನು, ಒಂದೇ ಹೆಸರು

ಗಾಳಕ್ಕೆ ಬೀಳುತ್ತಿದ್ದ ಮಹಶೀರ್‌ಗಳಲ್ಲಿ ಎರಡು ಬಗೆಯಿದ್ದವು. ಒಂದಕ್ಕೆ ನೀಲಿ ಛಾಯೆಯ ರೆಕ್ಕೆ. ಇನ್ನೊಂದಕ್ಕೆ ಹೊನ್ನಿನ ಮೈ, ಕಿತ್ತಳೆ ರೆಕ್ಕೆ, ತಲೆಯ ಹಿಂದೆ ಎದ್ದು ಕಾಣುವ ಡುಬ್ಬ. ಕಾವೇರಿಗೆ ಹೆಸರು ತಂದದ್ದು ಈ ಡುಬ್ಬದ ಮಹಶೀರ್. 1946ರಲ್ಲಿ ಮೈಸೂರಿನ ಗಾಳಗಾರ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ದಾಖಲೆಯ ಮೀನೂ ಇದೇ ಬಗೆಯದು. ನೀಲಿ ರೆಕ್ಕೆಯದು ಕಾವೇರಿಗೆ ಹೊರಗಿನದು. ಅದರ ಮೂಲ ಕೃಷ್ಣಾ ಕೊಳ್ಳ. 1839ರಲ್ಲಿ ವಿಜ್ಞಾನಕ್ಕೆ ಪರಿಚಯವಾದದ್ದು ಪುಣೆ ಸೀಮೆಯ ಮುಳಾ-ಮುಠಾ ಹೊಳೆಯಿಂದ. ಲೋಣಾವಳದ ಮರಿ ಕೇಂದ್ರದಲ್ಲಿ 1970ರ ದಶಕದಿಂದ ಅದರ ಮರಿಗಳನ್ನು ಬೆಳೆಸಿ ದೇಶದ ಹಲವು ನದಿಗಳಿಗೆ ಹಂಚಲಾಯಿತು. ಮಹಶೀರ್ ಸಂತತಿ ಉಳಿಯಲೆಂಬ ಸದುದ್ದೇಶದಿಂದಲೇ ಕಾವೇರಿಗೂ ಅವು ಬಂದವು.

ಲೆಕ್ಕದಲ್ಲಿ ಏರಿದ್ದು ಈ ನೀಲಿ ರೆಕ್ಕೆಯ ಮೀನು. ಡುಬ್ಬದ ಮಹಶೀರ್ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿತ್ತು. ಸಿಕ್ಕಿದ ಒಂದೆರಡರ ತೂಕ ಮಾತ್ರ ಹೆಚ್ಚುತ್ತಿತ್ತು. ದೊಡ್ಡ ಮೀನು ಸಿಕ್ಕರೆ ಗಾಳಗಾರನಿಗೆ ಸಂತೋಷ, ಮತ್ಸ್ಯವಿಜ್ಞಾನಿಗೆ ಆತಂಕ. ಮಕ್ಕಳು ಹುಟ್ಟದ ಊರಿನಲ್ಲಿ ಜನರ ಸರಾಸರಿ ವಯಸ್ಸು ವರ್ಷವರ್ಷಕ್ಕೂ ಏರುವ ಹಾಗೆ, ಮರಿಗಳಿಲ್ಲದ ಹೊಳೆಯಲ್ಲಿ ಮೀನಿನ ಸರಾಸರಿ ತೂಕ ಏರುತ್ತದೆ. ಮುದಿ ಮೀನುಗಳು ಉಳಿದಿವೆ, ಅವುಗಳ ಜಾಗಕ್ಕೆ ಬರುವವು ಇಲ್ಲ. ‘ಮಹಶೀರ್’ ಎಂಬ ಒಂದೇ ಅಂಕಣದಲ್ಲಿ ಎರಡನ್ನೂ ಕೂಡಿಸಿದ್ದರಿಂದ ಒಂದರ ಏರಿಕೆ ಇನ್ನೊಂದರ ಅಳಿವನ್ನು ಮುಚ್ಚಿಟ್ಟಿತ್ತು.

ಇನ್ನೂ ವಿಚಿತ್ರವೆಂದರೆ, ಜಗತ್ತಿನ ಗಾಳಗಾರರಿಗೆಲ್ಲ ಗೊತ್ತಿದ್ದ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಗುರುತೇ ಇರಲಿಲ್ಲ. ಗುರುತಿಲ್ಲದ ಜೀವಿಯನ್ನು ಅಳಿವಿನಂಚಿನ ಕೆಂಪು ಪಟ್ಟಿಗೆ ಸೇರಿಸುವುದಾದರೂ ಹೇಗೆ? ಮೋಯಾರ್ ನದಿಯಲ್ಲಿ ಸಿಕ್ಕಿದ ಡುಬ್ಬದ ಮಹಶೀರ್‌ಗಳ ಡಿಎನ್‌ಎ ಮತ್ತು ಮೈಕಟ್ಟನ್ನು ಪರೀಕ್ಷಿಸಿದ ಮೇಲೆ 2018ರಲ್ಲಿ ಗೊಂದಲ ಬಗೆಹರಿಯಿತು. ಕಾವೇರಿ ಕೊಳ್ಳಕ್ಕೇ ಸೇರಿದ ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವರದಿಯಾಗಿದ್ದ ‘ಟಾರ್ ರೆಮಾದೇವಿಯೈ’ ಎಂಬ ಮೀನೇ ಇದು ಎಂದು ಗೊತ್ತಾಯಿತು. ಅದೇ ವರ್ಷ ಆ ಕೆಂಪು ಪಟ್ಟಿಯನ್ನು ತಯಾರಿಸುವ ಐಯುಸಿಎನ್ ಸಂಸ್ಥೆ ಇದನ್ನು ‘ತೀವ್ರ ಅಳಿವಿನಂಚಿನಲ್ಲಿರುವ’ ಜೀವಿಗಳ ಸಾಲಿಗೆ ಸೇರಿಸಿತು. ನೀಲಿ ರೆಕ್ಕೆಯದಕ್ಕೆ ಸದ್ಯಕ್ಕೆ ಅಂಥ ಅಪಾಯವಿಲ್ಲವೆಂದೂ ತೀರ್ಮಾನವಾಯಿತು.

ಡುಬ್ಬದ ಮೀನಿನ ಈ ಪಾಡಿಗೆ ಕಾರಣ ಒಂದೇ ಅಲ್ಲ. ಅಣೆಕಟ್ಟುಗಳು ಮೊಟ್ಟೆಯಿಡಲು ಮೇಲಕ್ಕೆ ಹೋಗುವ ದಾರಿಯನ್ನು ಕಡಿದಿವೆ. ಮರಳು ತೆಗೆದು ಹೊಳೆಯ ಪಾತ್ರ ಕೆಟ್ಟಿದೆ. ಕಳ್ಳಬೇಟೆಯಿದೆ. ಇಷ್ಟರ ಮೇಲೆ ಅದೇ ಆಹಾರ, ಅದೇ ಮಡುವಿಗೆ ಪೈಪೋಟಿ ಕೊಡುವ ಹೊರಗಿನ ಬಂಧುವಿದೆ. ಹೊಳೆಗೆ ಮೀನು ಮರಿ ಬಿಡುವುದೆಲ್ಲ ಪುಣ್ಯದ ಕೆಲಸವೇನೂ ಅಲ್ಲ.

ನಿಯಮದ ಹಿಂದಿನ ಜೀವಶಾಸ್ತ್ರ

ಮೀನು ಹಿಡಿಯುವ ನಿಯಮಗಳೆಲ್ಲ ಕೊನೆಗೆ ನಾಲ್ಕು ಪ್ರಶ್ನೆಗಳಿಗೆ ಉತ್ತರ: ಯಾವಾಗ, ಎಷ್ಟು ದೊಡ್ಡದು, ಯಾವುದರಿಂದ, ಎಲ್ಲಿ. ಉತ್ತರ ಸರಿಯಾಗಬೇಕಾದರೆ ಆಯಾ ಮೀನಿನ ಬದುಕು ಗೊತ್ತಿರಬೇಕು.

ಮೊದಲಿಗೆ ಕಾಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಮಲೆನಾಡಿನ ಹೊಳೆಗಳು ಕೆಂಪಾಗುತ್ತಿದ್ದಂತೆ ಮೀನುಗಳು ಪ್ರವಾಹದೆದುರು ಹಳ್ಳ, ತೋಡು, ಗದ್ದೆಗಳಿಗೆ ಹತ್ತುತ್ತವೆ. ಇದೇ ‘ಹತ್ತುಮೀನು’. ಟಾರ್ಚು, ಕತ್ತಿ, ಬಲೆ ಹಿಡಿದು ರಾತ್ರಿಯಿಡೀ ಇವುಗಳ ಶಿಕಾರಿ ನಡೆಯುತ್ತದೆ. ಅಷ್ಟು ಸುಲಭವಾಗಿ ಅವು ಸಿಗಲು ಕಾರಣ, ಅವು ಮೇವಿಗಾಗಿ ಅಲ್ಲ, ಮೊಟ್ಟೆಯಿಡಲು ಹೊರಟಿರುತ್ತವೆ. ಹೊಸ ನೀರಿನ ಹರಿವು, ತಂಪು ಮತ್ತು ಕೆಸರಿನ ಸುಳಿವು ಹಿಡಿದು ಒಂದೇ ಹೊತ್ತಿಗೆ ಗುಂಪಾಗಿ ಹತ್ತುತ್ತವೆ. ಬೇಸಿಗೆಯಲ್ಲಿ ಹಿಡಿದ ಒಂದು ಮೀನು ಒಂದೇ ಮೀನು. ಜೂನ್ ತಿಂಗಳಲ್ಲಿ ಹಿಡಿದದ್ದು ಸಾವಿರಾರು ಮೊಟ್ಟೆಗಳ ಸಮೇತ ಹೋಗುತ್ತದೆ. ಮಳೆಗಾಲದ ಆರಂಭದಲ್ಲಿ ಮೀನುಗಾರಿಕೆಗೆ ರಜೆ ಕೊಡಬೇಕೆನ್ನುವುದು ಇದಕ್ಕೇ.

ಎರಡನೆಯದು ಗಾತ್ರ. ಒಂದು ಮೀನು ಕನಿಷ್ಠ ಒಮ್ಮೆಯಾದರೂ ಮೊಟ್ಟೆಯಿಟ್ಟ ಮೇಲೆ ಬಲೆಗೆ ಬೀಳಲಿ ಎಂಬುದು ಹಳೆಯ ಸೂತ್ರ. ಆದ್ದರಿಂದ ‘ಇಷ್ಟು ಉದ್ದಕ್ಕಿಂತ ಚಿಕ್ಕದನ್ನು ಹಿಡಿಯಬೇಡಿ’ ಎಂಬ ಮಿತಿ. ರೋಹು, ಕಾಟ್ಲಾದಂಥ ಮೀನುಗಳಿಗೆ ಇದು ಹೊಂದುತ್ತದೆ. ಅವು ಬೇಗ ಬೆಳೆಯುತ್ತವೆ, ಮೈತೂಕದ ಪ್ರತಿ ಕಿಲೋಗೆ ಲಕ್ಷಕ್ಕೂ ಹೆಚ್ಚು ಮೊಟ್ಟೆಯಿಡುತ್ತವೆ. ಮಹಶೀರ್ ನಿಧಾನಕ್ಕೆ ಬೆಳೆಯುತ್ತದೆ, ತಡವಾಗಿ ಪ್ರಾಯಕ್ಕೆ ಬರುತ್ತದೆ, ಕಿಲೋಗೆ ಕೆಲವೇ ಸಾವಿರ ಮೊಟ್ಟೆಯಿಡುತ್ತದೆ. ಒಂದೇ ಅಳತೆಯ ನಿಯಮ ಎರಡಕ್ಕೂ ನ್ಯಾಯ ಕೊಡಲಾರದು.

ಕನಿಷ್ಠ ಮಿತಿಯೊಂದೇ ಸಾಲದು, ಗರಿಷ್ಠ ಮಿತಿಯೂ ಬೇಕೆನ್ನಲು ಇನ್ನೊಂದು ಕಾರಣವಿದೆ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ನೂರಾರು ಬಗೆಯ ಕಡಲ ಮೀನುಗಳನ್ನು ಹೋಲಿಸಿತ್ತು. ಅದರ ಪ್ರಕಾರ 30 ಕಿಲೋ ತೂಕದ ಒಂದು ಹೆಣ್ಣು ಕಾಡ್ ಮೀನು ಇಡುವಷ್ಟು ಮೊಟ್ಟೆಗಳಿಗೆ ಎರಡೆರಡು ಕಿಲೋದ 28 ಹೆಣ್ಣುಗಳು ಬೇಕು. ಅವುಗಳ ಒಟ್ಟು ತೂಕ 56 ಕಿಲೋ. ಹಿರಿಯ ತಾಯಿ ತೂಕಕ್ಕೆ ಮೀರಿ ಸಂತಾನ ಕೊಡುತ್ತಾಳೆ. ಆದ್ದರಿಂದಲೇ ಹಲವು ದೇಶಗಳ ಸಿಹಿನೀರ ಮೀನುಗಾರಿಕೆಯಲ್ಲಿ ಚಿಕ್ಕವನ್ನೂ ಬಿಡಿ, ತೀರಾ ದೊಡ್ಡವನ್ನೂ ಬಿಡಿ, ನಡುವಿನವನ್ನು ಮಾತ್ರ ಹಿಡಿಯಿರಿ ಎಂಬ ನಿಯಮವಿದೆ.

ಮೂರನೆಯದು ಸಾಧನ. ಹೊಳೆಗೆ ಅಡ್ಡ ಕಟ್ಟುವ ಬಲೆಯಲ್ಲಿ ಮೀನಿನ ತಲೆ ತೂರಿ ಕಿವಿರಿನ ಬಳಿ ಸಿಕ್ಕಿಕೊಳ್ಳುತ್ತದೆ. ಕಣ್ಣು ದೊಡ್ಡದಿದ್ದರೆ ಮರಿಗಳು ಪಾರು. ಬಲೆಯ ಕಣ್ಣಿನ ಅಳತೆಯೆಂದರೆ ನೀರೊಳಗೆ ಹಗಲಿರುಳು ತಾನಾಗಿಯೇ ಜಾರಿಯಲ್ಲಿರುವ ಗಾತ್ರದ ನಿಯಮ. ಸೊಳ್ಳೆಪರದೆಯಂಥ ಬಲೆ ಹಾಕಿದರೆ ಆ ಸೋಸುವಿಕೆ ಇಲ್ಲವಾಗುತ್ತದೆ. ತೋಟೆ ಸಿಡಿಸುವವರಿಗಂತೂ ಯಾವ ಆಯ್ಕೆಯೂ ಇಲ್ಲ. ಸ್ಫೋಟದ ಒತ್ತಡಕ್ಕೆ ಮೀನಿನೊಳಗಿನ ಗಾಳಿಚೀಲ ಒಡೆಯುತ್ತದೆ. ತೇಲಿದ್ದು ಕೈಗೆ ಸಿಗುತ್ತದೆ, ಮುಳುಗಿದ್ದು ವ್ಯರ್ಥ, ಮರಿ-ಮೊಟ್ಟೆಗಳು ಲೆಕ್ಕಕ್ಕೇ ಇಲ್ಲ. ತೋಟೆಯನ್ನೂ ವಿಷವನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ಕರ್ನಾಟಕದ ಒಳನಾಡು ಮೀನುಗಾರಿಕೆಗೆ 1996ರ ಪ್ರತ್ಯೇಕ ಕಾಯ್ದೆಯಿದೆ. ಆದರೂ ತೋಟೆಯ ಸದ್ದು ಇನ್ನೂ ನಿಂತಿಲ್ಲ.

ನಾಲ್ಕನೆಯದು ಜಾಗ. ಶೃಂಗೇರಿಯ ತುಂಗೆ, ಶಿಶಿಲದ ಕಪಿಲೆಯಲ್ಲಿ ದೇವರ ಮೀನಿಗೆ ಯಾರೂ ಬಲೆ ಹಾಕುವುದಿಲ್ಲ. ಇಂಥ ಮಡುಗಳಲ್ಲಿ ದೊಡ್ಡ ತಾಯಿ ಮೀನುಗಳು ಉಳಿಯುತ್ತವೆ, ಅವುಗಳ ಮರಿಗಳು ಸುತ್ತಲಿನ ನೀರಿಗೂ ಹರಡಬಲ್ಲವು. ಆದರೆ ಭಕ್ತಿಯ ಗಡಿ ಸ್ನಾನಘಟ್ಟದ ಆಸುಪಾಸಿನದು. ಮಳೆಗಾಲದಲ್ಲಿ ಮೊಟ್ಟೆಯಿಡಲು ಜಲ್ಲಿಕಲ್ಲಿನ ಹೊಳೆಗಳಿಗೆ ಹೊರಟ ಮೀನಿಗೆ ಅದರಾಚೆಗೆ ಯಾವ ರಕ್ಷೆಯೂ ಇಲ್ಲ. ಉಳಿಸಬೇಕಾದ್ದು ಮಡು ಮಾತ್ರವಲ್ಲ, ಮಡುವಿನಿಂದ ಮೊಟ್ಟೆಯ ಜಾಗದವರೆಗಿನ ದಾರಿ.

ಹಿಡಿದು ಬಿಟ್ಟರೆ ಸಾಕೆ?

ಗಾಳಕ್ಕೆ ಸಿಕ್ಕು ಹೆಣಗಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಬೇಸಿಗೆಯ ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಚೇತರಿಕೆ ನಿಧಾನ. ಒಣಗೈಯಲ್ಲಿ ಹಿಡಿದರೆ ಸೋಂಕು ತಡೆಯುವ ಮೈಲೋಳೆ ಕಿತ್ತುಬರುತ್ತದೆ. ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ, ನೀರಿನಿಂದ ಹೊರಗೆ ಆದಷ್ಟು ಕಡಿಮೆ ಹೊತ್ತು — ಇಷ್ಟಿದ್ದರೆ ಬಹುತೇಕ ಮೀನುಗಳು ಬದುಕುತ್ತವೆ.

ಆದರೂ ಕಾವೇರಿ ವನ್ಯಧಾಮದೊಳಗಿನ ಗಾಳದ ಆಟ 2012ರ ಹೊತ್ತಿಗೆ ನಿಂತಿತು. ವನ್ಯಜೀವಿ ಕಾಯ್ದೆಯ ಕಣ್ಣಿನಲ್ಲಿ ಅಭಯಾರಣ್ಯದ ಜೀವಿಯನ್ನು ಹಿಡಿಯುವುದೂ ಬೇಟೆಯೇ. ಕಾನೂನಿನ ತರ್ಕ ಸರಿಯಾದದ್ದೇ. ಆದರೆ ಗಾಳಗಾರರು ಕೊಡುತ್ತಿದ್ದ ದುಡ್ಡಿನಲ್ಲಿ ಹೊಳೆಗೆ ಕಾವಲಿತ್ತು. ಹಿಂದೆ ಕಳ್ಳಬೇಟೆಯಲ್ಲಿದ್ದ ಕೆಲವರೇ ಮಾರ್ಗದರ್ಶಿಗಳಾಗಿ ದುಡಿಯುತ್ತಿದ್ದರು. ಶಿಬಿರದ ಗಾಳ ನಿಂತಾಗ ಕಾವಲೂ ಸಡಿಲವಾಗುತ್ತದೆ, ಮೀನಿನ ಎಣಿಕೆಯೂ ನಿಲ್ಲುತ್ತದೆ ಎಂಬುದು ಸಂಶೋಧಕರ ಕಳವಳ. ನಿಷೇಧ ಹಾಕಿದವರು ಆ ಎರಡು ಕೆಲಸಗಳನ್ನೂ ವಹಿಸಿಕೊಳ್ಳಬೇಕಾಗುತ್ತದೆ.

ನಮ್ಮ ಹೊಳೆಗಳಿಗೆ ಈಗ ಬೇಕಾಗಿರುವುದು ಇನ್ನೊಂದು ಸಾರಾಸಗಟು ನಿಷೇಧವಲ್ಲ. ಹಿಡಿದ ಮೀನಿನ ಲೆಕ್ಕವನ್ನು ಬರೀ ತೂಕದಲ್ಲಿ ಬರೆಯದೆ ಜಾತಿ, ಉದ್ದಗಳ ಸಮೇತ ಬರೆಯಬೇಕು. ಹೊಳೆಗೆ ಬಿಡುವ ಮರಿ ಅದೇ ಕೊಳ್ಳದ್ದೇ ಎಂದು ಖಾತರಿ ಮಾಡಿಕೊಳ್ಳಬೇಕು. ಮೊದಲ ಮಳೆಯ ವಾರಗಳಲ್ಲಿ ಬಲೆ ಮಡಚಿಡುವ ಬೆಸ್ತರ ಮನೆಗೆ ಆ ದಿನಗಳ ಅನ್ನದ ದಾರಿ ತೋರಿಸಬೇಕು. ಯಾವ ಮಡುವಿನಲ್ಲಿ ಯಾವ ಮೀನು, ಯಾವ ಮಳೆಗೆ ಯಾವ ಹಳ್ಳ ಹತ್ತುತ್ತದೆ ಎಂಬುದು ಇಲಾಖೆಯ ಕಡತಕ್ಕಿಂತ ಮೊದಲು ಅವರಿಗೇ ತಿಳಿಯುತ್ತದೆ. ಎಣಿಸುವ ಕೆಲಸವನ್ನೂ ಕಾಯುವ ಕೆಲಸವನ್ನೂ ಕೂಲಿ ಕೊಟ್ಟು ಅವರಿಗೆ ವಹಿಸಿದರೆ, ನಿಯಮ ಕಾಗದದಿಂದಿಳಿದು ನೀರಿಗೆ ಮುಟ್ಟುತ್ತದೆ.