ಮಿತಿಯ ಹಣದಲ್ಲಿ ತಂಡ ಕಟ್ಟುವ ಬಗೆ
(ಅಮೆರಿಕದ ಫುಟ್‌ಬಾಲಿನ ಲೆಕ್ಕದ ಪುಸ್ತಕ)

ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಈಗ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದು ಮಾಟುಂಗದಿಂದಲೋ ಡೊಂಬಿವಲಿಯಿಂದಲೋ ಅಲ್ಲಿಗೆ ಹೋಗಿ ಆರು ತಿಂಗಳಿದ್ದು ಬಂದ ಹಿರಿಯರನ್ನು ಕೇಳಿ ನೋಡಿ. ಭಾನುವಾರ ಬಂತೆಂದರೆ ಅಳಿಯಂದಿರು ಟೆಲಿವಿಷನ್ನಿನ ಮುಂದೆ ಕುಳಿತುಬಿಡುತ್ತಾರೆ, ಊಟಕ್ಕೆ ಕರೆದರೂ ಏಳುವುದಿಲ್ಲ ಎನ್ನುತ್ತಾರೆ. ಅವರು ನೋಡುತ್ತಿರುವುದು ಫುಟ್‌ಬಾಲ್. ಹೆಸರು ಮಾತ್ರ ಫುಟ್‌ಬಾಲ್, ಚೆಂಡಿಗೆ ಕಾಲು ತಾಗುವುದು ಬಲು ಅಪರೂಪ. ಶಿರಸ್ತ್ರಾಣ ಧರಿಸಿದ ದಾಂಡಿಗರು ಕಡೆಗೆ ಹನ್ನೊಂದು ಮಂದಿಯಂತೆ ನಿಂತು, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನೂರು ಗಜದ ಮೈದಾನದಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನಮ್ಮ ಹಿರಿಯರಿಗೆ ಅದರ ತಲೆಬುಡ ತಿಳಿಯದಿದ್ದರೆ ಆಶ್ಚರ್ಯವಿಲ್ಲ.

ಆಟ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಆಟದ ಹಿಂದೆ ಒಂದು ಲೆಕ್ಕದ ಪುಸ್ತಕವಿದೆ. ಅದು ಮಾತ್ರ, ಒಂದೇ ಸಂಬಳದಲ್ಲಿ ಪರಊರಿನ ಸಂಸಾರ ತೂಗಿಸಿದ ಯಾರಿಗಾದರೂ ಕೂಡಲೇ ತಿಳಿಯುವಂಥದು.

ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ 32 ತಂಡಗಳಿವೆ. ಒಡೆಯರು ಕೋಟ್ಯಧೀಶರು. ಆದರೂ ಮನಸ್ಸು ಬಂದಷ್ಟು ಹಣ ಚೆಲ್ಲಿ ಆಟಗಾರರನ್ನು ಕೊಳ್ಳುವಂತಿಲ್ಲ. 1994ರಿಂದ ಅಲ್ಲಿ ಸಂಬಳಕ್ಕೆ ಮಿತಿಯುಂಟು. ಆ ಮೊದಲ ವರ್ಷ ಪ್ರತಿಯೊಂದು ತಂಡವೂ ಆಟಗಾರರಿಗೆಂದು ಖರ್ಚು ಮಾಡಬಹುದಾಗಿದ್ದುದು 3.46 ಕೋಟಿ ಡಾಲರು. 2025ರಲ್ಲಿ ಅದು 27.92 ಕೋಟಿಗೆ ಏರಿತು. ಲೀಗಿನ ಒಟ್ಟು ವರಮಾನದಲ್ಲಿ ಆಟಗಾರರಿಗೆ ಸಲ್ಲಬೇಕಾದ ಪಾಲನ್ನು ಲೆಕ್ಕ ಹಾಕಿ ಈ ಮಿತಿಯನ್ನು ಗೊತ್ತುಮಾಡುತ್ತಾರೆ. ವರಮಾನ ಏರಿದರೆ ಮಿತಿಯೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಕೊರೊನಾ ಪಿಡುಗಿನಿಂದ ಮೈದಾನಗಳು ಬಣಗುಟ್ಟಿದ ಮೇಲೆ 2021ರಲ್ಲಿ ಮಿತಿ 19.82 ಕೋಟಿಯಿಂದ 18.25 ಕೋಟಿಗೆ ಕುಸಿಯಿತು. ದೊಡ್ಡ ಊರಿನ ತಂಡಕ್ಕೂ ಅಷ್ಟೇ, ಸಣ್ಣ ಊರಿನದಕ್ಕೂ ಅಷ್ಟೇ. ಆ ಹಣದಲ್ಲಿ 53 ಮಂದಿಯ ತಂಡವನ್ನು ಸಾಕಬೇಕು.

ಎರಡನೆಯ ಕಟ್ಟಳೆ ಇನ್ನೂ ಹಳೆಯದು. ಕಾಲೇಜಿನಿಂದ ಹೊರಬರುವ ಹುಡುಗರನ್ನು ಹಂಚಿಕೊಳ್ಳುವ ಸರದಿ, ಅವರ ಮಾತಿನಲ್ಲಿ ಡ್ರಾಫ್ಟ್. ಫಿಲಡೆಲ್ಫಿಯ ತಂಡದ ಒಡೆಯ ಬರ್ಟ್ ಬೆಲ್ ಎಂಬಾತ 1935ರಲ್ಲಿ ಇದನ್ನು ಸೂಚಿಸಿದ. ಒಳ್ಳೆಯ ಹುಡುಗರೆಲ್ಲ ಗೆಲ್ಲುವ ತಂಡಗಳಿಗೇ ಹೋಗುತ್ತಿದ್ದರೆ ಸೋತವರು ಸೋಲುತ್ತಲೇ ಇರಬೇಕಲ್ಲವೇ? ಆದ್ದರಿಂದ ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡ ಮೊದಲು ಆರಿಸಲಿ, ಗೆದ್ದವರು ಕೊನೆಗೆ ಆರಿಸಲಿ ಎಂದಾಯಿತು. ಆಗ ಎಲ್ಲರಿಗಿಂತ ಕೆಳಗಿದ್ದದ್ದು ಬೆಲ್ ಸಾಹೇಬರ ತಂಡವೇ ಎಂಬುದನ್ನೂ ಹೇಳಿಬಿಡಬೇಕು! 1936ರ ಫೆಬ್ರವರಿಯಲ್ಲಿ ಮೊದಲ ಆಯ್ಕೆ ನಡೆಯಿತು. ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಎಂಬ ತರುಣ ಸಂಬಳ ಒಪ್ಪಿಗೆಯಾಗದೆ ಲೀಗಿನಲ್ಲಿ ಒಂದು ದಿನವೂ ಆಡಲಿಲ್ಲ. ಈಗ ಈ ಸರದಿ ಏಳು ಸುತ್ತು ನಡೆಯುತ್ತದೆ, ವರ್ಷಕ್ಕೆ ಸುಮಾರು 260 ಹುಡುಗರು ಆಯ್ಕೆಯಾಗುತ್ತಾರೆ.

ನಮ್ಮ ಐ.ಪಿ.ಎಲ್. ಹರಾಜನ್ನು ನೋಡಿದವರಿಗೆ ಇದು ವಿಚಿತ್ರವೆನಿಸಬಹುದು. ಹರಾಜಿನಲ್ಲಿ ಹುಡುಗನ ಬೆಲೆಯನ್ನು ಕೂಗು ನಿರ್ಣಯಿಸುತ್ತದೆ. ಡ್ರಾಫ್ಟಿನಲ್ಲಿ ಕೂಗಿಲ್ಲ. ಎಷ್ಟನೆಯವನಾಗಿ ಆಯ್ಕೆಯಾದನೋ ಆ ಸ್ಥಾನಕ್ಕೆ ಇಂತಿಷ್ಟೆಂದು ಮೊದಲೇ ಬರೆದಿಟ್ಟ ಸಂಬಳ, ಅದೂ ನಾಲ್ಕು ವರ್ಷಕ್ಕೆ. ಮೊದಲ ಸುತ್ತಿನವನಾದರೆ ತಂಡ ಇಷ್ಟಪಟ್ಟಲ್ಲಿ ಐದನೆಯ ವರ್ಷವೂ ಉಂಟು. ಹೀಗೆ ಬಿಗಿ ಮಾಡಿದ್ದು 2011ರಲ್ಲಿ. ಅದಕ್ಕೆ ಮುಂಚೆ, 2010ರಲ್ಲಿ, ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡನಿಗೆ ಆರು ವರ್ಷಕ್ಕೆ 7.8 ಕೋಟಿ ಡಾಲರಿನ ಕರಾರಾಗಿತ್ತು, ಅದರಲ್ಲಿ 5 ಕೋಟಿ ಖಾತ್ರಿ ಹಣ. ಮರುವರ್ಷ ಅದೇ ಸ್ಥಾನದಲ್ಲಿ ಬಂದ ಕ್ಯಾಮ್ ನ್ಯೂಟನ್ನನಿಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 2.2 ಕೋಟಿ.

ಇಲ್ಲಿಂದಲೇ ತಂಡದ ಕಾರ್ಯದರ್ಶಿಗಳ ನಿಜವಾದ ಲೆಕ್ಕ ಶುರುವಾಗುವುದು. ನುರಿತ ಆಟಗಾರ ದುಬಾರಿ, ಹೊಸ ಹುಡುಗ ಅಗ್ಗ. ಮಿತಿಯ ಹಣದಲ್ಲಿ ನಾಲ್ಕಾರು ಮಂದಿ ದುಬಾರಿ ಆಟಗಾರರನ್ನು ಇಟ್ಟುಕೊಳ್ಳಬೇಕಾದರೆ ಉಳಿದ ಜಾಗಗಳಲ್ಲಿ ಅಗ್ಗದ ಹುಡುಗರು ಇರಲೇಬೇಕು, ಮತ್ತು ಅವರು ಸಂಬಳಕ್ಕಿಂತ ಬಹಳ ಚೆನ್ನಾಗಿ ಆಡಲೇಬೇಕು. ಆದರೆ ಚೆನ್ನಾಗಿ ಆಡಿದ ಹುಡುಗ ನಾಲ್ಕು ವರ್ಷದ ತರುವಾಯ ತಾನೇ ದುಬಾರಿಯಾಗುತ್ತಾನೆ! ಆಗ ಅವನನ್ನು ಉಳಿಸಿಕೊಳ್ಳಲು ಯಾರನ್ನು ಕಳುಹಿಸುವುದು? ಕಳುಹಿಸಿದವನ ಜಾಗಕ್ಕೆ ಯಾವ ಹುಡುಗನನ್ನು ತರುವುದು? ಅಗ್ಗದವರು ಯಾವ ಜಾಗದಲ್ಲಿರಬೇಕು, ಎಷ್ಟು ದಿನ ಇರುತ್ತಾರೆ ಎಂಬುದೊಂದೇ ಪ್ರಶ್ನೆ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡದ ಕಥೆಯಲ್ಲಿ ಇದೆಲ್ಲವೂ ಉಂಟು. 1849ರಲ್ಲಿ ಚಿನ್ನದ ಆಸೆಯಿಂದ ಆ ಸೀಮೆಗೆ ಗುಳೆ ಬಂದವರ ನೆನಪಿಗಾಗಿ ಇಟ್ಟ ಹೆಸರು ಅದು. 2014ರಿಂದ ತಂಡದ ಮೈದಾನವಿರುವುದು ಸಾಂಟಾ ಕ್ಲಾರಾದಲ್ಲಿ, ಅಂದರೆ ನಮ್ಮ ಹುಡುಗರ ಕಂಪ್ಯೂಟರ್ ಕಚೇರಿಗಳ ನಟ್ಟನಡುವೆ.

ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನು ಸೂತ್ರಧಾರ. ಚೆಂಡನ್ನು ಯಾರಿಗೆ ಎಸೆಯಬೇಕೆಂದು ಕಣ್ಣು ಮುಚ್ಚಿ ತೆರೆಯುವುದರೊಳಗೆ ನಿಶ್ಚಯಿಸುವವನು ಅವನೇ. ಸಂಬಳವೂ ಅವನದೇ ಎಲ್ಲಕ್ಕಿಂತ ಹೆಚ್ಚು. ಅಂಥವನೊಬ್ಬನನ್ನು ಅಗ್ಗದ ನಾಲ್ಕು ವರ್ಷದಲ್ಲೇ ಹಿಡಿಯಬೇಕೆಂದು 2021ರಲ್ಲಿ ಈ ತಂಡ ದೊಡ್ಡ ಜೂಜಾಡಿತು. ಹನ್ನೆರಡನೆಯ ಸರದಿಯಲ್ಲಿದ್ದದ್ದು ಮೂರನೆಯದಕ್ಕೆ ಏರುವುದಕ್ಕಾಗಿ, ತನ್ನ ಆ ವರ್ಷದ ಮೊದಲ ಸುತ್ತಿನ ಸರದಿಯ ಜೊತೆಗೆ ಮುಂದಿನ ಎರಡು ವರ್ಷಗಳ ಮೊದಲ ಸುತ್ತನ್ನೂ 2022ರ ಒಂದು ಮೂರನೆಯ ಸುತ್ತನ್ನೂ ಮಯಾಮಿ ತಂಡಕ್ಕೆ ಕೊಟ್ಟುಬಿಟ್ಟಿತು. ಹಾಗೆ ತಂದ ಟ್ರೇ ಲ್ಯಾನ್ಸ್ ಎಂಬ ಹುಡುಗ ಪಂದ್ಯದ ಆರಂಭದಿಂದ ಆಡಿದ್ದು ಒಟ್ಟು ನಾಲ್ಕೇ ಪಂದ್ಯ. 2022ರಲ್ಲಿ ಕಣಕಾಲು ಮುರಿಯಿತು. 2023ರ ಆಗಸ್ಟ್‌ನಲ್ಲಿ ಅವನನ್ನು ಡಲ್ಲಾಸ್ ತಂಡಕ್ಕೆ ಕೊಟ್ಟು ಪಡೆದದ್ದು ನಾಲ್ಕನೆಯ ಸುತ್ತಿನ ಒಂದು ಸರದಿ! ಆಭರಣ ಮಾರಿ ಕೊಂಡ ಹಸು ಬರಡಾದಂತೆ.

ಅಂಥ ತಂಡ ಮುಳುಗಿಹೋಗಬೇಕಿತ್ತು. ಮುಳುಗಲಿಲ್ಲ. ಕಾರಣ, 2022ರಲ್ಲಿ ಅದು ಆರಿಸಿದ ಕೊನೆಯ ಹುಡುಗ. ಅಂದರೆ ಆ ವರ್ಷದ ಸರದಿಗೇ ಕೊನೆಯವನು, 262ನೆಯವನು. ಇಂಥವನಿಗೆ ಅಲ್ಲಿ ‘ಲೆಕ್ಕಕ್ಕಿಲ್ಲದ ಮಹಾಶಯ’ ಎಂಬರ್ಥದ ಬಿರುದು ಕೊಟ್ಟು ತಮಾಷೆ ಮಾಡುವ ವಾಡಿಕೆಯುಂಟು. ಬ್ರಾಕ್ ಪರ್ಡಿ ಎಂಬ ಆ ತರುಣ ಅಯೋವಾದ ವಿಶ್ವವಿದ್ಯಾಲಯವೊಂದರಿಂದ ಬಂದವನು, ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳ ಹಿಂದೆ ಮೂರನೆಯವನಾಗಿ ಬೆಂಚಿನ ಮೇಲೆ ಕುಳಿತಿದ್ದವನು. ಲ್ಯಾನ್ಸ್ ಬಿದ್ದ, ಡಿಸೆಂಬರಿನಲ್ಲಿ ಎರಡನೆಯವನೂ ಬಿದ್ದ. ಪರ್ಡಿ ಒಳಗೆ ಬಂದ. ಸಾಮಾನ್ಯ ಋತುವಿನಲ್ಲಿ ಉಳಿದ ಪಂದ್ಯಗಳನ್ನೆಲ್ಲ ತಂಡ ಗೆದ್ದಿತು.

2023ರಲ್ಲಿ ಅವನ ಸಂಬಳ ಸುಮಾರು 8.7 ಲಕ್ಷ ಡಾಲರು. ತಂಡದ ಮಿತಿ 22.48 ಕೋಟಿ. ನೂರು ರೂಪಾಯಿ ಸಂಸಾರದಲ್ಲಿ ಸೂತ್ರಧಾರನ ಖರ್ಚು ಎಂಟಾಣೆಗೂ ಕಡಮೆ! ಉಳಿದ ಹಣವನ್ನೆಲ್ಲ ಬೇರೆ ಕಡೆ ಸುರಿಯಬಹುದಾಯಿತು. ರಕ್ಷಣೆಯ ನಿಕ್ ಬೋಸಾನಿಗೆ ಆ ಸೆಪ್ಟೆಂಬರಿನಲ್ಲಿ ಐದು ವರ್ಷಕ್ಕೆ 17 ಕೋಟಿಯ ಕರಾರು. ಪರ್ಡಿಯಾದರೋ ಸಹ ಆಟಗಾರನೊಬ್ಬನ ಜೊತೆ ಬಾಡಿಗೆ ಮನೆ ಹಂಚಿಕೊಂಡಿದ್ದ. ಮುಂಬಯಿಯಲ್ಲಿ ಕೋಣೆ ಹಂಚಿಕೊಂಡು ದಿನ ತಳ್ಳಿದ ನಮ್ಮ ಬ್ರಹ್ಮಚಾರಿಗಳಿಗೆ ಇದು ಪರಿಚಿತವೇ.

ತಂಡಕ್ಕೆ ಇದು ಲಾಭ. ಹುಡುಗನಿಗೆ? ಕರಾರನ್ನು ತಿದ್ದಲು ಮೂರು ಋತು ಮುಗಿಯುವ ತನಕ ಕಟ್ಟಳೆಯೇ ಬಿಡುವುದಿಲ್ಲ. 2023ರ ಜನವರಿಯಲ್ಲಿ ಫಿಲಡೆಲ್ಫಿಯದ ಮೇಲಿನ ಪಂದ್ಯದಲ್ಲಿ ಪರ್ಡಿಯ ಮೊಣಕೈಯ ಸ್ನಾಯುಬಂಧ ಹರಿಯಿತು, ಮಾರ್ಚಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಚೆಂಡೆಸೆಯುವ ಕೈ ಅದು. ಸರಿಹೋಗದೆ ಇದ್ದಿದ್ದರೆ ಕೋಟಿಗಳ ಮಾತೇ ಇರುತ್ತಿರಲಿಲ್ಲ. ಯಾವ ಊರಿನಲ್ಲಿ ಆಡಬೇಕೆಂಬುದನ್ನೂ ಡ್ರಾಫ್ಟಿನ ಹುಡುಗ ಆರಿಸಿಕೊಳ್ಳುವಂತಿಲ್ಲ. ತಂಡಗಳ ಸಮಾನತೆಗಾಗಿ ಮಾಡಿದ ಈ ಏರ್ಪಾಡಿನ ಭಾರ ಬಹುಮಟ್ಟಿಗೆ ಇಪ್ಪತ್ತೆರಡು ವರ್ಷದ ಹುಡುಗರ ಮೈಮೇಲೆ ಬೀಳುತ್ತದೆಂದು ನನಗೆ ಅನಿಸುತ್ತದೆ. ಮಿತಿಯನ್ನು ಒಪ್ಪಿದ ಆಟಗಾರರ ಸಂಘದಲ್ಲಿ ಮಾತು ನಡೆಯುವುದು ಈಗಾಗಲೇ ಒಳಗಿರುವವರದು. ಇನ್ನೂ ಕಾಲೇಜಿನಲ್ಲಿರುವವರಿಗೆ ಅಲ್ಲಿ ಮತವಿಲ್ಲ.

2024ರ ಫೆಬ್ರವರಿ 11ರಂದು ಲಾಸ್ ವೇಗಸ್‌ನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಇವರ ಎದುರಿಗೆ ನಿಂತದ್ದು ಕಾನ್ಸಾಸ್ ಸಿಟಿ ತಂಡ. ಅವರ ಪುಸ್ತಕ ಪೂರ್ತಿ ತಿರುವುಮುರುವು. ಅಲ್ಲಿ ಸೂತ್ರಧಾರನೇ ದುಬಾರಿ. ಪ್ಯಾಟ್ರಿಕ್ ಮಹೋಮ್ಸ್‌ಗೆ 2020ರಲ್ಲಿ ಹತ್ತು ವರ್ಷಕ್ಕೆ 45 ಕೋಟಿ ಡಾಲರಿನ ಕರಾರಾಗಿತ್ತು. ಹಾಗಾಗಿ 2022ರಲ್ಲಿ, ಮಿಂಚಿನಂತೆ ಓಡುವ ಟೈರೀಕ್ ಹಿಲ್‌ನನ್ನು ಆ ತಂಡ ಮಯಾಮಿಗೆ ಬಿಟ್ಟುಕೊಟ್ಟಿತು. ಮಯಾಮಿ ಅವನಿಗೆ ನಾಲ್ಕು ವರ್ಷಕ್ಕೆ 12 ಕೋಟಿ ಬರೆದುಕೊಟ್ಟಿತು, ಕಾನ್ಸಾಸ್ ಸಿಟಿಗೆ ಐದು ಸರದಿಗಳನ್ನು ಕೊಟ್ಟಿತು. ಅಭಿಮಾನಿಗಳು ಎದೆ ಬಡಿದುಕೊಂಡರು. ಆದರೆ ಆ ವರ್ಷದ ಆಯ್ಕೆಯಲ್ಲಿ ಬಂದ ಹುಡುಗರನ್ನು ನೋಡಿ: ಮೊದಲ ಸುತ್ತಿನಲ್ಲಿ ರಕ್ಷಣೆಗೆ ಟ್ರೆಂಟ್ ಮೆಕ್‌ಡಫಿ ಮತ್ತು ಜಾರ್ಜ್ ಕಾರ್ಲಾಫ್ಟಿಸ್, ಏಳನೆಯ ಸುತ್ತಿನಲ್ಲಿ, 251ನೆಯವನಾಗಿ, ಓಟಗಾರ ಇಸಾಯ ಪಚೆಕೊ. ಮರು ಫೆಬ್ರವರಿಯಲ್ಲಿ ಅಂತಿಮ ಪಂದ್ಯ ಗೆದ್ದಾಗ ಈ ಪಚೆಕೊ ಒಂದು ಟಚ್‌ಡೌನ್ ಗಳಿಸಿದ. ಲಾಸ್ ವೇಗಸ್‌ನಲ್ಲಿಯೂ ಕಾನ್ಸಾಸ್ ಸಿಟಿಯೇ ಹೆಚ್ಚುವರಿ ಅವಧಿಯಲ್ಲಿ 25–22ರಿಂದ ಗೆದ್ದಿತು. ಎರಡು ಲೆಕ್ಕಗಳ ನಡುವಣ ಅಂತರ ಮೂರೇ ಅಂಕ!

ಆರಿಸುವವರ ಜಾಣತನವೆಷ್ಟು, ಅದೃಷ್ಟವೆಷ್ಟು ಎಂದು ಕೇಳಬಹುದು. ರಿಚರ್ಡ್ ಥೇಲರ್ ಎಂಬ ಅರ್ಥಶಾಸ್ತ್ರಜ್ಞ (2017ರ ನೊಬೆಲ್ ಪಾರಿತೋಷಕ ಪಡೆದವರು) ಕೇಡ್ ಮ್ಯಾಸಿಯವರ ಜೊತೆಗೂಡಿ ಇದನ್ನೇ ಅಭ್ಯಸಿಸಿದರು. ಒಂದೇ ಸ್ಥಾನಕ್ಕೆ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ನಂತರದವನಿಗಿಂತ ಮೇಲಾಗುವ ಸಂಭವ ನೂರಕ್ಕೆ ಐವತ್ತಕ್ಕಿಂತ ತುಸುವೇ ಹೆಚ್ಚು ಎಂದು ಕಂಡಿತು. ಬಹುಮಟ್ಟಿಗೆ ನಾಣ್ಯ ಚಿಮ್ಮಿದಂತೆ. ಮುಂದಿನ ಸರದಿಗೆ ಏರಲು ತಂಡಗಳು ಅತಿಯಾಗಿ ತೆರುತ್ತವೆ ಎಂದು ಅವರ ವಾದ. ನಾಣ್ಯವನ್ನು ಹೆಚ್ಚು ಸಲ ಚಿಮ್ಮುವವನಿಗೇ ಲಾಭ.

ಮಿತಿಯನ್ನು ದಾಟುವ ಉಪಾಯಗಳೂ ಇಲ್ಲದಿಲ್ಲ. ಸಹಿ ಹಾಕಿದ ದಿನವೇ ಆಟಗಾರನಿಗೆ ಒಂದು ಇಡುಗಂಟು ಕೊಟ್ಟು, ಅದನ್ನು ಲೆಕ್ಕದಲ್ಲಿ ಐದು ವರ್ಷಗಳವರೆಗೆ ಹಂಚಿ ಬರೆಯಬಹುದು. 2 ಕೋಟಿ ಕೊಟ್ಟರೆ ಈ ವರ್ಷದ ಖಾತೆಗೆ 40 ಲಕ್ಷ ಮಾತ್ರ. ಕೈಗಡ ತಂದು ಹಬ್ಬ ಮಾಡಿದ ಹಾಗೆ! ಎರಡು ವರ್ಷದ ಮೇಲೆ ಅವನನ್ನು ಬಿಟ್ಟುಬಿಟ್ಟರೆ ಬಾಕಿ 1.2 ಕೋಟಿ ಖಾತೆಗೆ ಬಂದು ಕೂರುತ್ತದೆ. ಆಟಗಾರನಿಲ್ಲ, ಖರ್ಚು ಮಾತ್ರ ಇದೆ. ಇದಕ್ಕೆ ‘ಸತ್ತ ಹಣ’ ಎನ್ನುತ್ತಾರೆ. ಡೆನ್ವರ್ ತಂಡ 2022ರಲ್ಲಿ ರಸೆಲ್ ವಿಲ್ಸನ್‌ನೊಡನೆ 24.5 ಕೋಟಿಯ ಕರಾರು ಮಾಡಿಕೊಂಡು, 2024ರಲ್ಲಿ ಅವನನ್ನು ಕಳುಹಿಸಿ, ಸುಮಾರು 8.5 ಕೋಟಿ ಸತ್ತ ಹಣವನ್ನು ಎರಡು ವರ್ಷಗಳಲ್ಲಿ ಹೊರಬೇಕಾಯಿತು. ಆ ಹೊರೆಯಲ್ಲಿ ಅದನ್ನು ಕಾಪಾಡಿದ್ದೂ ಡ್ರಾಫ್ಟೇ. ಅದೇ ವರ್ಷ ಹನ್ನೆರಡನೆಯವನಾಗಿ ಬಂದ ಬೋ ನಿಕ್ಸ್ ಅಗ್ಗದ ಸಂಬಳದಲ್ಲಿ ತಂಡವನ್ನು ಸಾಮಾನ್ಯ ಋತುವಿನ ನಂತರದ ಪ್ಲೇಆಫ್ ಹಂತಕ್ಕೆ ಒಯ್ದ.

ಸ್ಯಾನ್ ಫ್ರಾನ್ಸಿಸ್ಕೋಗೆ ಮರಳೋಣ. 2024ರ ಋತು ಮುಗಿದೊಡನೆ ಪರ್ಡಿಯ ಮೂರು ವರ್ಷ ತುಂಬಿತು, ಅಗ್ಗದ ದಿನಗಳು ತೀರಿದವು. 2025ರ ಮಾರ್ಚಿನ ಹೊತ್ತಿಗೇ ಮನೆ ಖಾಲಿ ಮಾಡುವ ಕೆಲಸ ಶುರುವಾಯಿತು. ಡೀಬೊ ಸ್ಯಾಮ್ಯುಯಲ್‌ನನ್ನು ಐದನೆಯ ಸುತ್ತಿನ ಒಂದು ಸರದಿಗೆ ವಾಷಿಂಗ್ಟನ್ನಿಗೆ ಕೊಟ್ಟರು. ಐದನೆಯ ಸುತ್ತಿನಲ್ಲಿ ಬಂದು ಬೆಳೆದಿದ್ದ ಡ್ರೆ ಗ್ರೀನ್‌ಲಾ ಮತ್ತು ಟಲನೋಆ ಹುಫಂಗಾ ಇಬ್ಬರೂ ಡೆನ್ವರಿಗೆ ಹೋದರು. ಚಾರ್ವೇರಿಯಸ್ ವಾರ್ಡ್ ಇಂಡಿಯಾನಾಪೊಲಿಸ್‌ಗೆ ಹೋದ. ಇವರ ಹೆಸರಿನ ಅಂಗಿ ತೊಟ್ಟು ಕುಣಿದ ಮಕ್ಕಳಿಗೆ ಲೆಕ್ಕದ ಪುಸ್ತಕ ತೋರಿಸಿ ಸಮಾಧಾನ ಹೇಳುವುದು ಹೇಗೆ? ಏಪ್ರಿಲ್ ಆಯ್ಕೆಯಲ್ಲಿ ತಂಡ ಹನ್ನೊಂದು ಹುಡುಗರನ್ನು ತಂದಿತು. ಮೊದಲ ಐವರೂ ರಕ್ಷಣೆಯವರು, ಹೋದವರ ಜಾಗ ತುಂಬಬೇಕಾದವರು. ಮೇ ತಿಂಗಳಲ್ಲಿ ಪರ್ಡಿ ಸಹಿ ಹಾಕಿದ: ಐದು ವರ್ಷ, 26.5 ಕೋಟಿ ಡಾಲರು. ಏಪ್ರಿಲ್‌ನಲ್ಲಿ ಬಂದ ಹುಡುಗರ ಅಗ್ಗದ ಕರಾರು 2028ರ ಋತು ಮುಗಿಯುವ ತನಕ.